ಉಕ್ಕಿನಕ್ಕನಿಗೆ, ಕೌಲ್ ಬಜಾರಿನಿಂದ

ನಿನ್ನ ಹೆಸರು ಬೇರೆಯೇ ಇತ್ತು ಅಕ್ಕ,
ಪರದೆ ಮೇಲೆ ಉರಿಯುತ್ತ ತಿರುಗುತ್ತ ಬರುತ್ತಿದ್ದ ಹೆಸರು.
ಯಾವ ಊರಿನವರು ಇಟ್ಟರೋ, ನಮ್ಮ ನಾಲಿಗೆಗೆ ಹತ್ತಲಿಲ್ಲ.
ಉಕ್ಕಿನಕ್ಕ ಅಂದವಳು ಹೊನ್ನೂರಬಿ,
ಓವರ್‌ಲಾಕ್ ಮಿಷನ್ನಿನ ಹಿಂದಿನಿಂದ,
ಹಲ್ಲಲ್ಲಿ ದಾರ ಕಚ್ಚಿಕೊಂಡೇ.
ಅವತ್ತಿನಿಂದ ನಮ್ಮ ಹದಿನಾರು ಮಿಷನ್ನಿಗೂ ನೀನು ಉಕ್ಕಿನಕ್ಕ.

ಶನಿವಾರ ರಾತ್ರಿ ಒಂಬತ್ತು. ಬಟವಾಡೆಯ ದಿನ.
ಎಣಿಸಿದ ನೋಟು ಕುಬಸದೊಳಗೆ,
ಉಗುರಿನ ಸಂದಿಗೆಲ್ಲ ಜೀನ್ಸಿನ ನೀಲಿ,
ಸೋಪು ಸವೆದರೂ ಹೋಗದ ನೀಲಿ.
ನಿನ್ನ ಕವಚದ್ದೂ ಅದೇ ಬಣ್ಣ ಅಂತ ನನಗೊಂದು ಗುಟ್ಟಿನ ಜಂಬ.
ಮಾಲೀಕ ಗಾದಿಲಿಂಗಪ್ಪ ಕಟಿಂಗ್ ಟೇಬಲ್ಲಿನ ಮೇಲೆ ಟಿವಿ ಎತ್ತಿಟ್ಟು
'ಅರ್ಧ ತಾಸು ನೋಡ್ರಿ, ಅಷ್ಟೇ' ಅಂತ ಬೈದು
ತಾನೇ ಮುಂದೆ ಕೂತುಬಿಡುತ್ತಿದ್ದ.

ನಿನ್ನಲ್ಲಿ ಕುಂದಿರಲಿಲ್ಲ ಅಂತ ಸುಳ್ಳು ಹೇಳಲಾರೆ.
ಹಾರುವಾಗ ಸೊಂಟದ ತಂತಿ ಕಾಣುತ್ತಿತ್ತು.
ಅದೇ ಬಿಳಿ ಕಾರು ಮೂರು ಸಲ ಸಿಡಿಯಿತು
ಮೂರು ನಂಬರ್ ಪ್ಲೇಟಿನಲ್ಲಿ.
ತುಟಿ ಮುಚ್ಚಿದ ಮೇಲೂ ಬಾಯಿಂದ ಕನ್ನಡ ಬರುತ್ತಿತ್ತು,
ಅದೂ ಪುಸ್ತಕದ ಕನ್ನಡ, 'ನಿಲ್ಲಿ ದುರುಳರೇ!'
ನಾವು ನಗುತ್ತಿದ್ದೆವು. ನಕ್ಕು, ಮತ್ತೆ ಉಸಿರು ಹಿಡಿಯುತ್ತಿದ್ದೆವು.

ನೀನು ತಡವಾಗಿ ಬರುತ್ತಿದ್ದಿ. ಅದು ನನಗೆ ಇಷ್ಟ.
ಬೇರೆ ವೀರರು ಕರೆದ ಕೂಡಲೇ ಹಾಜರು.
ನೀನು ಎರಡು ಬಸ್ಸು ಬದಲಿಸಿ ಬಂದವಳ ಹಾಗೆ
ಏದುಸಿರು, ಕೆದರಿದ ಕೂದಲು,
ಅರ್ಧ ಊರು ಸುಟ್ಟ ಮೇಲೆ ಬಂದು
ಉಳಿದರ್ಧವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಿ.

ಆಮೇಲೆ ಆ ನಲವತ್ತಮೂರನೇ ಸಂಚಿಕೆ.
ಹೊಡೆದಾಟವೇ ಇಲ್ಲ. ನಿನಗೆ ಜ್ವರ.
ಪಕ್ಕದಲ್ಲಿ ಗಂಜಿ ಆರುತ್ತಿದೆ.
ಬೆನ್ನ ಹಿಂದೆ ಹಾರುವ ಆ ಕೆಂಪು ಬಟ್ಟೆ
(ನಾವು ಸೆರಗು ಅನ್ನುತ್ತಿದ್ದೆವು)
ಮೊಣಕಾಲ ಮೇಲೆ ಹರವಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಿ,
ಮೂರು ಸಲ ತಪ್ಪಿ, ತುದಿ ನೆಕ್ಕಿ.
ಇಡೀ ಯೂನಿಟ್ಟು ಮುಂದಕ್ಕೆ ಬಾಗಿತು.
'ಅಯ್ಯ, ಕಚ್ಚಾ ಹೊಲಿಗಿ ಹಾಕ್ತಾಳಲ್ಲೇ!' ಅಂದಳು ಹೊನ್ನೂರಬಿ.
'ಅಷ್ಟು ದಪ್ಪ ಬಟ್ಟಿಗೆ ಒಂಟಿ ದಾರ!' ಅಂದೆ ನಾನು.
'ಗಂಟು ಹಾಕವ್ವ, ಗಂಟು' ಅಂದ ಗಾದಿಲಿಂಗಪ್ಪ.
ನೀನು ಗಂಟು ಹಾಕಲಿಲ್ಲ.
ಹಲ್ಲಿನಿಂದ ದಾರ ಕಡಿದು, ಅದನ್ನೇ ಹೊದ್ದು ಮಲಗಿದೆ.
ಜಗತ್ತನ್ನು ಉಳಿಸಿದ ಸಂಚಿಕೆಗಳು ನನಗೆ ಅಷ್ಟು ನೆನಪಿಲ್ಲ.

ಅರವತ್ತೊಂದರಲ್ಲಿ ಸೇತುವೆ ಮುರಿಯಿತು.
ಕೆಳಗೆ ಹೊಳೆ. ಕಂಬಿಗೆ ಸಿಕ್ಕ ಸೆರಗಿನಲ್ಲಿ ನೀನು ತೂಗುತ್ತಿದ್ದಿ,
ಒಂದು ಕೈಯಲ್ಲಿ ಸ್ಕೂಲಿನ ಹುಡುಗ.
'ಮುಂದುವರಿಯುವುದು' ಅಂತ ಬಂತು.
ಮುಂದಿನ ಶನಿವಾರ ಒಂಬತ್ತಕ್ಕೆ
ರುದ್ರಾಕ್ಷಿ ಮಾರುವವನು ಬಂದ.
ಅದರ ಮುಂದಿನ ಶನಿವಾರವೂ ಅವನೇ.
ಮೂರನೇ ವಾರ ಗಾದಿಲಿಂಗಪ್ಪ
ಟಿವಿ ಮೇಲೆ ಜೀನ್ಸಿನ ತುಂಡು ಮುಚ್ಚಿದ.

ಹತ್ತೊಂಬತ್ತು ವರ್ಷ ಅಕ್ಕ.
ಹೊನ್ನೂರಬಿ ಸಿರುಗುಪ್ಪದಲ್ಲಿ ಅಂಗಡಿ ಇಟ್ಟಿದ್ದಾಳೆ.
ನಾನು ಬೆಲ್ಟ್ ಲೂಪಿಗೇ ಕೂತಿದ್ದೇನೆ, ಪ್ಯಾಂಟಿಗೆ ಐದು,
ದಿನಕ್ಕೆ ಮುನ್ನೂರು ಪ್ಯಾಂಟು.
ಎಷ್ಟು ಭಾರಕ್ಕೆ ಯಾವ ಹೊಲಿಗೆ ಬಿಚ್ಚುತ್ತದೆ ಅನ್ನೋದು
ತಲೆಗಿಂತ ಮೊದಲು ಬೆರಳಿಗೆ ಗೊತ್ತು.
ಬೆರಳಿನ ಲೆಕ್ಕದಲ್ಲಿ ನೀನು ಅವತ್ತೇ ಬೀಳಬೇಕಿತ್ತು.

ಆದರೆ ಬಿದ್ದದ್ದನ್ನು ಯಾರೂ ತೋರಿಸಲಿಲ್ಲವಲ್ಲ.
ಹಂಗಾದರೆ ಆ ಕಚ್ಚಾ ಹೊಲಿಗೆ ಹಿಡಿದೇ ಇದೆ,
ಗಂಟಿಲ್ಲದ್ದು, ಜ್ವರದ ಕೈ ಹಾಕಿದ್ದು,
ನಾವೆಲ್ಲ ಬೈದದ್ದು.
ಆ ಹುಡುಗನಿಗೆ ಮೀಸೆ ಬಂದಿರಬೇಕು ಈಗ,
ಭಾರವಾಗಿರಬೇಕು.

ಕೈ ಸೋತರೆ ಕೈ ಬದಲಿಸಿಕೋ ಅಕ್ಕ.
ಇಲ್ಲಿ ಕರೆಂಟು ಹೋಗಿದೆ, ಮಿಷನ್ನೆಲ್ಲ ಸುಮ್ಮನಿವೆ,
ಅದಕ್ಕೇ ಇಷ್ಟು ಬರೆಯೋಕೆ ಬಿಡುವಾಯಿತು.
ಇನ್ನೂ ಒಂದು ಮಾತಿತ್ತು, ಆ ತಂತಿಯ ಬಗ್ಗೆ...
ಬಂತು ನೋಡು, ಬಂತು.