ತೂಕದ ಚೀಟಿ

ಲೋಕಾಪುರದ ದಾರಿಗೆ ನಮ್ಮ ಕಾಟಾ.
ಲಾರಿ ಏರತಾವ, ನಾ ಚೀಟಿ ಹರಿತೀನಿ:
ಸುಣ್ಣಗಲ್ಲು, ಇಪ್ಪತ್ತೆಂಟು ಟನ್ನು.

ಮೊನ್ನೆ ಒಂದು ಕಲ್ಲು ಉರುಳಿ ಬಿತ್ತು,
ಒಳಗ ಉಳ್ಳಾಗಡ್ಡಿ ಕೊಯ್ದಂಗ ಪದರ.
ಸರ್ವೇಕ್ಕ ಬಂದ ಹುಡುಗಿ ಮೊಣಕಾಲೂರಿ ಅಂದ್ಲು:
"ಪಾಚಿ, ಕಾಕಾ. ಇಲ್ಲಿ ಸಮುದ್ರ ಇತ್ತು,
ನೋಡಾಕ ಇನ್ನೂ ಯಾರಿಗೂ ಕಣ್ಣಿರಲಿಲ್ಲ."

ಸೈಕಲ್ಲಿಗೆ ಕಟ್ಟಿ ಮನಿಗೆ ತಂದೆ.
ದಾವಲಬಿ ಏನೂ ಕೇಳಲಿಲ್ಲ,
ಮೊಸರಿನ ಗಡಿಗಿ ಮುಚ್ಚಿ ಮ್ಯಾಲ ಹೇರಿದಳು,
ಬೆಕ್ಕು ಬರ್ತೈತಂತ.

ಫೆಬ್ರುವರಿಗೇ ಸೆಕಿ ಈಗ. ನಸುಕಿಗೇ ಮೊಸರು ಹುಳಿ.
ಫ್ಯಾಕ್ಟರಿ ಚಿಮಣಿ ಕಡೆ ನೋಡತೀನಿ:
ಪಾಚಿ ಗಾಳಿ ನುಂಗಿ ನುಂಗಿ
ಕೂದಲೆಳಿಯಷ್ಟ ಕೂದಲೆಳಿಯಷ್ಟ ಕಟ್ಟಿದ್ದು
ಒಂದು ಪಾಳಿಯೊಳಗ ಮತ್ತ ಗಾಳಿಗೆ.
ಸಂಬಳ ಅದರಾಗೇ ಬರ್ತೈತಿ, ಹಾಲಿನ ರೊಕ್ಕಾನೂ.

ನಾಳೆ ಬೆಳಗಿನ ಪಾಳಿ.
ಕಲ್ಲು ಗಡಿಗಿ ಮ್ಯಾಲೇ ಐತಿ.
ಅದೊಂದರ ಚೀಟಿ ನಾ ಹರಿದಿಲ್ಲ.