ಎರಡು ಅರ್ಜಿ

ಅರಸೀಕೆರೆ ತಾಲ್ಲೂಕು ಕಚೇರಿ ಮುಂದೆ, ಹೊಂಗೆಮರದ ಕೆಳಗೆ
ಒಂದು ಮೇಜು, ಎರಡು ಮಡಿಸುವ ಕುರ್ಚಿ,
ನನ್ನ ಮೂವತ್ತೊಂದು ವರ್ಷ.
ಅರ್ಜಿಗೆ ಅರವತ್ತು ರೂಪಾಯಿ.
ಕಣ್ಣೀರು ಬೇಕಿದ್ದರೆ ಅದೂ ಅದರಲ್ಲೇ.

ಮೇಜು ಬಿಟ್ಟುಹೋದ ಮುದುಕ ಹೇಳಿದ್ದ:
'ಓದೋನೂ ಮನುಷ್ಯ ಕಣೋ.
ಕೇಳ್ತಿರೋರು ಎಂಥೋರು ಅಂತ ಮೊದಲು ತೋರಿಸು,
ಆಮೇಲೆ ಮೆತ್ತಗೆ ಕರುಳಿಗೆ ಕೈ ಹಾಕು,
ಲೆಕ್ಕ ಕೊನೇಲಿಡು;
ಅಷ್ಟೊತ್ತಿಗೆ ಅವನು ತಲೆಯಾಡಿಸ್ತಿರ್ತಾನೆ.'

ಮಂಗಳವಾರ ಸೋಮ್ಲಿಬಾಯಿ ಬಂದಳು.
ಹಾಸನದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಸಂಜೆ ಬಸ್ಸು ತಾಂಡಾ ಗೇಟಲ್ಲಿ ನಿಲ್ಲುವುದಿಲ್ಲ,
ಮುಂದಿನೂರಲ್ಲಿ ಇಳಿದು ಕತ್ತಲಲ್ಲಿ ವಾಪಸು ನಡೆಯಬೇಕು,
ಏಳು ಜನ ಹೆಂಗಸರು.

ನನ್ನ ಪೆನ್ನು ತಾನಾಗಿಯೇ ಹೊರಟಿತು:
'ತಂದೆ ಸಮಾನರಾದ ತಮ್ಮಲ್ಲಿ ಬಡ ಅಬಲೆಯರಾದ ನಾವು...'
'ಓದಿ' ಅಂದಳು. ಓದಿದೆ.
'ಅಬಲೆ ಅಂದ್ರೆ?'
'ಬಲ ಇಲ್ಲದೋಳು.'
'ದಿನಕ್ಕೆ ನಾನೂರು ಕಾಲರ್ ಹೊಲಿತೀನಿ. ಹೊಡೆದಾಕಿ.'

ತಂದೆಯೂ ಹೋದ.

ಬ್ಲೌಸಿನೊಳಗಿಂದ ಮಗಳ ನೋಟ್‌ಬುಕ್ಕಿನ ಹಾಳೆ ತೆಗೆದಳು:
ಮೂರು ಸಾವಿರದ ನೂರ ಹದಿನೆಂಟು ಹೆಜ್ಜೆ,
ಎರಡು ಮೋರಿ, ದೀಪ ಇಲ್ಲ,
ಎರಡು ಸಲ ಹಾವು, ಒಂದು ಸಲ ಬೈಕಿನ ಹುಡುಗರು.
'ಸ್ಟಾಪಿಲ್ಲ' ಅನ್ನಿಸಿಕೊಂಡ ಹತ್ತೊಂಬತ್ತು ಸಂಜೆಗಳ ತಾರೀಖು.
'ಕೊನೆಗೇನು ಬರೀಲಿ?'
'ನಿಲ್ಸಿ ಅಂತ.'

ನನ್ನ ಕೈಯಿಂದ ಹೋದ ಅತಿ ಚಿಕ್ಕ ಅರ್ಜಿ.
ಅರವತ್ತು ಕೊಟ್ಟು ರಸೀದಿ ಕೇಳಿದಳು.
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಶುಕ್ರವಾರ ಕಂಡಕ್ಟರ್ ಈರಣ್ಣಯ್ಯ ಬಂದರು,
ಖಾಕಿ ಅಂಗಿ, ಜೇಬಲ್ಲಿ ಬಿ.ಪಿ. ಮಾತ್ರೆ,
ಕೈಯಲ್ಲಿ ಡಿಪೋದ ನೋಟಿಸು.
ಅದಕ್ಕೆ ಪಿನ್ನು ಹೊಡೆದಿದ್ದ ನಕಲಿನಲ್ಲಿ
ನನ್ನದೇ ಬಾಲ ಎಳೆದ 'ಳ'.
'ಯಾರೋ ಗಟ್ಟಿಯಾಗಿ ಬರೆದವ್ರೆ.
ಇದನ್ನ ಮಲಗಿಸೋ ಹಂಗೆ ಉತ್ತರ ಬೇಕು.'

ಅವರೂ ಸುಳ್ಳು ಹೇಳಲಿಲ್ಲ.
ನಿಲ್ಲಿಸಿದರೆ ನಾಲ್ಕು ನಿಮಿಷ,
ನಾಲ್ಕು ನಿಮಿಷಕ್ಕೆ ಏಳೂ ಇಪ್ಪತ್ತರ ರೈಲು ತಪ್ಪುವ ಹನ್ನೊಂದು ಜನ,
ಅದರಲ್ಲಿ ರಾತ್ರಿ ಪಾಳಿಯ ಒಬ್ಬ ನರ್ಸು.
ತಡವಾದರೆ ಮೆಮೊ. ಮೆಮೊ ಮೂರಾದರೆ ಇನ್‌ಕ್ರಿಮೆಂಟು.

ಕೈ ತುರಿಸಿತು.
ಇಪ್ಪತ್ತನಾಲ್ಕು ವರ್ಷದ ಕಳಂಕವಿಲ್ಲದ ಸೇವೆ: ಇದೆ.
ನರ್ಸಿಗಾಗಿ ಕಾಯುವ ರೋಗಿ: ಇದ್ದಾನು.
ಆ ಅರ್ಜಿಯ ಗೋಡೆ ಎಲ್ಲಿ ತೆಳು ಅಂತ
ಕಟ್ಟಿದವನಿಗಲ್ಲದೆ ಯಾರಿಗೆ ಗೊತ್ತು?
ಬರೆದೇ ಬಿಟ್ಟೆ, ಕರಡಿನ ಹಾಳೆಯಲ್ಲಿ:
'ಹೆಜ್ಜೆ ಎಂಬುದು ಅಳತೆಯಲ್ಲ, ನಡೆಯುವವರ ದಣಿವು.'

ವಾಕ್ಯ ಎಷ್ಟು ಚೆನ್ನಾಗಿತ್ತೆಂದರೆ
ನನಗೇ ಹೆದರಿಕೆಯಾಯಿತು.

ಪೆನ್ನಿನ ಟೋಪಿ ಹಾಕಿದೆ.
'ಆ ಗೇಟಲ್ಲಿ ರಾತ್ರಿ ಹೊತ್ತು ಇಳಿದಿದ್ದೀರಾ?'
ಈರಣ್ಣಯ್ಯ ಮಾತ್ರೆಯ ಸ್ಟ್ರಿಪ್ಪನ್ನು
ಜೇಬಿನ ಮೇಲಿಂದಲೇ ಮುಟ್ಟಿಕೊಂಡರು.
'ಟೈಮಿಗೆ ನಾಲ್ಕು ನಿಮಿಷ ಸೇರಿಸಿ ಕೊಡಿ,
ನಿಲ್ಲಿಸ್ತೀನಿ ಅಂತ ಬರೀಲಾ?'
'ಹಂಗೆ ಬರೆದ್ರೆ ಒಪ್ತಾರಾ ಸಾರ್?'

'ಗೊತ್ತಿಲ್ಲ' ಅಂದೆ.
ಗಿರಾಕಿಗೆ ಈ ಮಾತು ಹೇಳಿದ್ದು ಇದೇ ಮೊದಲು.
ಅವರು ಎದ್ದು ಹೋಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡರು.
ಹೊಸ ಹಾಳೆ ತೆಗೆದೆ.
ಎಡಗಡೆ, ಮೇಲೆ, ಬರೆದೆ:

'ಗೆ,'