ಕೋರಂ

ಹೆಸರು ಉದ್ದವಾಯಿತೆಂದು ಆಗಲೇ ಹೇಳಿದ್ದೆ:
ಉತ್ತರ ತೀರದ ಮರದ ಮಿಲ್ಲಿನವರ ಮತ್ತು ಸಣ್ಣ ಹಿಡುವಳಿದಾರರ
ಸ್ವತಂತ್ರ ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷ.
ಮೂಗಿಗಿಂತ ಮೂಗುತಿ ಭಾರ.
ಮೊಹರಿನಲ್ಲಿ ಹಿಡಿಸದೆ ಓಲುವಿನ ಅಚ್ಚಿನವನು
'ಪ್ರಜಾಪ್ರ' ಎಂಬಲ್ಲಿಗೇ ಕತ್ತರಿಸಿ ಕಳಿಸಿದ.
ಆರೂವರೆ ವರ್ಷ ಅದನ್ನೇ ಒತ್ತಿದೆವು.
ಮಿಕ್ಕ 'ಭುತ್ವ'ವನ್ನು ಪೆನ್ನಿನಲ್ಲಿ ನಾನು ಬರೆಯುತ್ತಿದ್ದೆ,
ಕಾರ್ಯದರ್ಶಿಯಾದ ತಪ್ಪಿಗೆ.

ಹುಟ್ಟಿದ್ದು ಸೌನಾದ ಹಬೆಯಲ್ಲಿ, ಐವತ್ತೊಂಬತ್ತರ ನವೆಂಬರ್.
ಹೆಲ್ಸಿಂಕಿಯಲ್ಲಿ ದೊಡ್ಡವರು ಪಾಲಾಗಿದ್ದರು,
ಅಣ್ಣತಮ್ಮಂದಿರು ನಡುಮನೆಗೆ ಗೋಡೆ ಎಬ್ಬಿಸಿದ ಹಾಗೆ.
ಆ ಪಾಲೂ ಬೇಡ ಈ ಪಾಲೂ ಬೇಡ ಎಂದವರು
ಹಲ್ಲಪೆರ್ಯಾದಲ್ಲಿ ನಾವು ಆರು ಮಂದಿ.
ಮೊದಲು ಗಂಡಸರು ಬೆಂದು ಹೊರಬಂದರು,
ಆಮೇಲೆ ನಾನೂ ಕೆರ್ಟ್ಟುವೂ ಬೆಂದೆವು.
ಒಂದೇ ಠರಾವು ಎರಡು ಸಲ ಪಾಸಾಯಿತು
ಎರಡು ಸಲವೂ ಬೆವರಿನಲ್ಲಿ.

ಯಾಲ್ಮಾರಿ ರೌಸ್ತೆ ಗರಗಸಕ್ಕೆ ಎರಡು ಬೆರಳು ಕೊಟ್ಟವನು.
ಅವನು ಕೈ ಎತ್ತಿದರೆ
'ಮೂರು ಬೆರಳಿನ ಮತ, ಹೇಗೆ ಎಣಿಸಲಿ?' ಅನ್ನುತ್ತಿದ್ದೆ.
ಪ್ರತಿ ಸಲವೂ ನಗುತ್ತಿದ್ದ. ಅಂಥವನು.
ತೌನೊ ಹಾಲಿನ ಲಾರಿಯವನು;
ಕ್ಯಾನುಗಳ ಮುಚ್ಚಳದಡಿ ನಮ್ಮ ಕರಪತ್ರ ಸಿಕ್ಕಿಸುತ್ತಿದ್ದ,
ಅಸೆಂಬ್ಲಿ ಚುನಾವಣೆಯಲ್ಲಿ ಎಂಟುನೂರ ಹನ್ನೆರಡು ಓಟು
ಹಾಲಿನ ದಾರಿಯುದ್ದಕ್ಕೂ, ಅದರಾಚೆ ಸೊನ್ನೆ.

ಊರಿನ ಕೌನ್ಸಿಲ್ಲಿಗೆ ಮಾತ್ರ ಕೆರ್ಟ್ಟು ಗೆದ್ದಳು.
ನಾಲ್ಕು ವರ್ಷದಲ್ಲಿ ಒಮ್ಮೆಯೂ ಭಾಷಣ ಮಾಡಲಿಲ್ಲ.
ಹಿಮಕ್ಕೆ ಸೀಳಿದ ತನ್ನ ಕೈ ಮೇಜಿನ ಮೇಲಿಟ್ಟು
'ನದಿಯ ತೂತಿನಲ್ಲಿ ಬಟ್ಟೆ ಜಾಲಿಸಿ ಬಂದಿದ್ದೇನೆ,
ಒಬ್ಬೊಬ್ಬರೇ ಮುಟ್ಟಿ ನೋಡಿ' ಅಂದಳು.
ಯಾರೂ ಮುಟ್ಟಲಿಲ್ಲ. ಒಗೆಮನೆ ಮಂಜೂರಾಯಿತು:
ಒಂದು ಬಾಯ್ಲರು, ಮೂರು ತೊಟ್ಟಿ,
ಮಂಗಳವಾರ ಗುರುವಾರ ಬಿಸಿನೀರು.

ಮುರಿದದ್ದು ಒಂದು ಪದಕ್ಕೆ.
ಪ್ರಣಾಳಿಕೆಯ ನಾಲ್ಕನೇ ಕಲಮು:
ಮಿಲ್ಲುಗಳು ಸರ್ಕಾರದ್ದು 'ಮತ್ತು' ಸಹಕಾರಿಗಳದ್ದು—
ಅಲ್ಲ, 'ಅಥವಾ' ಎಂದ ಮೇಷ್ಟ್ರು ಅರ್ಮಸ್.
ಮೂರು ಸಂಜೆ. ಹದಿನೇಳು ಕೆಟಲು ಕಾಫಿ.
'ಉಪ್ಪು ಮತ್ತು ರೊಟ್ಟಿ ಅನ್ನುತ್ತೀಯೋ
ಉಪ್ಪು ಅಥವಾ ರೊಟ್ಟಿ ಅನ್ನುತ್ತೀಯೋ?'
ಎಂದು ಯಾಲ್ಮಾರಿ ಅಳುವವನ ಹಾಗೆ ಕೇಳಿದ.
ಅರ್ಮಸ್ ಕೋಟು ಹಾಕಿಕೊಂಡ,
ಅವನ ಹಿಂದೆ ಒಂಬತ್ತು ಕೋಟು ಹೋದವು.
ಮಿಲ್ಲು ಆ ಬೇಸಿಗೆ ಮಾರಾಟವಾಯಿತು
'ಮತ್ತು'ವನ್ನೂ ಕೇಳದೆ, 'ಅಥವಾ'ವನ್ನೂ ಕೇಳದೆ.

ಉಳಿದವರು ಹಡಗು ಹತ್ತಿದರು, ಸ್ವೀಡನ್ನಿಗೆ,
ಕಾರು ಮಾಡುವ ಕಡೆ ಕೈತುಂಬ ಸಂಬಳವಂತೆ.
ತೌನೊ ಚಂದಾ ಬಾಕಿ ಇಟ್ಟೇ ಹೋದ.
ಎರಡು ವರ್ಷದ ಮೇಲೆ ಲಕೋಟೆಯಲ್ಲಿ ಸ್ವೀಡಿಷ್ ನೋಟು ಬಂತು,
ಕಾಗದವಿಲ್ಲ.

ಕೊನೆಯ ಸಭೆ, ಅರವತ್ತಾರರ ಮಾರ್ಚ್.
ವಿಷಯ: ಪಕ್ಷದ ವಿಸರ್ಜನೆ. ಕೋರಂ: ಏಳು.
ಹಾಜರು: ನಾನು, ಯಾಲ್ಮಾರಿ,
ಮತ್ತು ಒಲೆ ಉರಿಸಲು ಬಂದ ಹಾಲಿನ ಕಾವಲುಗಾರ,
ಅವನು ಬಲಪಂಥದವನು, ಆದರೂ ಪಾಪ ಕೂತಿದ್ದ.
ಕೆರ್ಟ್ಟು ಆಗಲೇ ಚರ್ಚಿನ ಹಿಂದೆ ಮಲಗಿದ್ದಳು.
ಗಂಟೆ ಎಂಟರ ತನಕ ಕಾದೆವು.
ಬರೆದೆ: 'ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ.'
ದಿನಾಂಕದ ಜಾಗ ಖಾಲಿ ಬಿಟ್ಟೆ.
ಮೊಹರು ಒತ್ತಿದೆ. 'ಭುತ್ವ' ಬರೆಯಲಿಲ್ಲ,
ಶಾಯಿ ಹೆಪ್ಪುಗಟ್ಟಿತ್ತು.

ಸಾಯಲಿಕ್ಕೂ ಏಳು ಜನ ಬೇಕು. ಸಿಗಲಿಲ್ಲ.
ಹಾಗಾಗಿ ನಾವು ಇನ್ನೂ ಮುಂದೂಡಲ್ಪಟ್ಟಿದ್ದೇವೆ.

ಒಗೆಮನೆ ಇದೆ. ಬಾಯ್ಲರು ಬದಲಾಗಿದೆ.
ಗುರುವಾರ ಹೆಂಗಸರು ಚಿಂದಿ ಜಮಖಾನೆ ತರುತ್ತಾರೆ,
ಈಚೆಗೆ ಇಬ್ಬರು ಗಂಡಸರೂ.
ಮೊಣಕಾಲು ನೋವಿಗೆ ಬಿಸಿನೀರೆಂದು ನೆಪ ಹೇಳಿ
ನಾನು ಬೆಂಚಿನ ಮೇಲೆ ಕೂರುತ್ತೇನೆ,
ಅಭ್ಯಾಸಬಲ, ತಲೆ ಎಣಿಸುತ್ತೇನೆ.
ನಾಲ್ಕು. ಮಳೆಯಿದ್ದರೆ ಮೂರು.
ಇವತ್ತು ಆರು.
'ಅಜ್ಜೀ, ಈ ತುದಿ ಹಿಡಿ, ಹಿಂಡಬೇಕು'
ಎಂದಳು ಹಸಿರು ಬೂಟಿನ ಹುಡುಗಿ.
ಎದ್ದೆ, ಹಿಡಿದೆ,
ಅವಳು ಬಲಕ್ಕೆ ತಿರುಚಿದಳು ನಾನು ಎಡಕ್ಕೆ,
ನೀರು ನಮ್ಮಿಬ್ಬರ ಪಾದದ ಮೇಲೆ ಸುರಿಯಿತು.

ಏಳು.

ಮೊಹರು ಮನೆಯಲ್ಲಿದೆ.